ನಮ್ಮ ಕಾಲೇಜಿನ ಸುದ್ದಿ ಅಚ್ಚಾಗುವ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಗಲ್ಲಿಯಲ್ಲಿ, ಲಗ್ನಪತ್ರಿಕೆಯ ಮಾದರಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ನಾಲ್ಕೈದು ಮುದ್ರಣದಂಗಡಿಗಳು ಒಂದರ ಪಕ್ಕ ಒಂದು ಇವೆ. ಅವುಗಳಲ್ಲಿ ಕೊನೆಯದು, ಎರಡು ಮೆಟ್ಟಿಲು ಇಳಿದು ಒಳಗೆ ಹೋಗಬೇಕಾದದ್ದು, ನಮ್ಮದು. ನಮ್ಮದು ಎಂದರೆ ನಮ್ಮ ಕಾಲೇಜಿನ ತಿಂಗಳ ಸುದ್ದಿಹಾಳೆ ಎರಡು ವರ್ಷಗಳಿಂದ ಅಚ್ಚಾಗುತ್ತಿರುವ ಅಂಗಡಿ. ಹೆಸರು ಹಾಕಿ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಮಾಲೀಕರು ಕೈಮುಗಿದು ಬೇಡವೆಂದರು. "ಇರುವವರು ನಾವು ಮೂವರು ಮೇಡಂ. ಲಗ್ನದ ಸೀಸನ್ನಿನಲ್ಲಿ ಈಗಿರುವ ಕೆಲಸವೇ ಮುಗಿಯುವುದಿಲ್ಲ" ಎಂದರು. ಅವರ ಮಾತಿಗೆ ಬೆಲೆ ಕೊಟ್ಟು ಹೆಸರು ಬಿಟ್ಟಿದ್ದೇನೆ. ಗುರುತು ಹೇಳಿದ್ದೇನಲ್ಲ, ಬೇಕಾದವರು ಹುಡುಕಿಕೊಂಡು ಹೋಗಬಹುದು.

ನಾನು ಕಲಾ ವಿಭಾಗ ಮಾತ್ರ ಇರುವ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಕನ್ನಡ, ಉರ್ದು, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಇಷ್ಟೇ ನಮ್ಮಲ್ಲಿರುವುದು. ಎಲ್ಲ ವರ್ಷದವರನ್ನೂ ಕೂಡಿಸಿದರೆ ವಿದ್ಯಾರ್ಥಿಗಳು ನಾನೂರರ ಒಳಗೆ. ಹೆಚ್ಚಿನವರು ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವವರು. ಇಂಥ ಕಾಲೇಜಿನ ಕಾರ್ಯಕ್ರಮಗಳು ದಿನಪತ್ರಿಕೆಯಲ್ಲಿ ಬರುವುದು ಅಪರೂಪ. ಬಂದರೂ ಜಿಲ್ಲಾ ಪುಟದ ಮೂಲೆಯಲ್ಲಿ ಆರು ಸಾಲು. ಅದರಲ್ಲಿ ಐದು ಸಾಲು ವೇದಿಕೆಯ ಮೇಲೆ ಕುಳಿತವರ ಹೆಸರುಗಳು. ಪ್ರಾರ್ಥನಾ ಗೀತೆ ಹಾಡಿದವಳು ಯಾರು, ನಿರೂಪಣೆ ಮಾಡಿದವನು ಯಾರು, ನಾಲ್ಕು ದಿನ ನಿದ್ದೆಗೆಟ್ಟು ಬಣ್ಣ ಬಳಿದವರು ಯಾರು ಎಂಬುದು ಎಲ್ಲಿಯೂ ಇರುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಕ್ಕೆಂದು ಪ್ರತಿ ಕಾರ್ಯಕ್ರಮಕ್ಕೂ ಸ್ಥಳದ ಗುರುತಿರುವ ಫೋಟೊ, ಹಾಜರಿ ಪಟ್ಟಿ, ವರದಿ ಎಲ್ಲವನ್ನೂ ಸಿದ್ಧಮಾಡುತ್ತೇವೆ. ಆ ಕಡತ ಕಪಾಟು ಸೇರುತ್ತದೆ, ವಿದ್ಯಾರ್ಥಿಗಳು ಅದನ್ನು ಕಣ್ಣಿನಿಂದಲೂ ನೋಡುವುದಿಲ್ಲ. ಸುದ್ದಿಹಾಳೆಯಾದರೆ ಅವರ ಚೀಲದಲ್ಲಿ ಕುಳಿತು ಊರಿಗೆ ಹೋಗುತ್ತದೆ. ಎ3 ಅಳತೆಯ ಹಾಳೆಗೆ ಎರಡೂ ಬದಿ ಅಚ್ಚು ಹಾಕಿ ನಡುವೆ ಮಡಚಿದರೆ ನಾಲ್ಕು ಪುಟ. ಬರೆಯುವವರು ವಿದ್ಯಾರ್ಥಿಗಳು, ತಿದ್ದುವವಳು ನಾನು.

ಮೊದಲ ಮೂರು ಸಂಚಿಕೆಗಳನ್ನು ಬೇರೊಂದು ಕಡೆ ಅಚ್ಚು ಹಾಕಿಸಿದ್ದೆವು. ಕಾಗದ ಚೆನ್ನಾಗಿತ್ತು, ಹೇಳಿದ ದಿನಕ್ಕೆ ಕೊಡುತ್ತಿದ್ದರು. ಮೂರನೆಯ ಸಂಚಿಕೆಯ ಮುಖಪುಟದಲ್ಲಿ, ಅಂತರಕಾಲೇಜು ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ನಮ್ಮ ಎರಡನೆಯ ವರ್ಷದ ಹುಡುಗಿಯ ಸುದ್ದಿ ಇತ್ತು. ಅವಳ ಹೆಸರಿನ ಮೊದಲ ಅಕ್ಷರ ಫ. ಅಚ್ಚಿನಲ್ಲಿ ಅದು ಪ ಆಯಿತು. ಅಡ್ಡಹೆಸರು ಇದ್ದ ಜಾಗದಲ್ಲಿ ಇನ್ನಾರದೋ ಅಡ್ಡಹೆಸರು ಬಂದು ಕುಳಿತಿತ್ತು. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲಿಟ್ಟು "ಇದು ನಾನಲ್ಲ ಮೇಡಂ" ಎಂದಳು. ಜಗಳವಾಡಲಿಲ್ಲ, ಅಳಲಿಲ್ಲ. ಅವಳ ಮನೆಯಲ್ಲಿ ಕಾಲೇಜಿಗೆ ಬಂದವರಲ್ಲಿ ಅವಳೇ ಮೊದಲನೆಯವಳು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ತಿದ್ದುಪಡಿಯನ್ನು ಯಾರು ಎತ್ತಿಟ್ಟುಕೊಳ್ಳುತ್ತಾರೆ? ಅಂದು ಸಂಜೆಯೇ ಈ ಗಲ್ಲಿಗೆ ಬಂದು ಒಂದೊಂದು ಅಂಗಡಿಯನ್ನೂ ವಿಚಾರಿಸುತ್ತಾ ಕೊನೆಯ ಅಂಗಡಿಯ ಮೆಟ್ಟಿಲು ಇಳಿದೆ.

ಒಳಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ, ಮಾಡುವವರು ಐವತ್ತು ದಾಟಿದವರು. ನಮ್ಮ ವಿದ್ಯಾರ್ಥಿಗಳು ಅವರನ್ನು ಚಾಚಾ ಎನ್ನುತ್ತಾರೆ, ಈಗ ನಾನೂ ಹಾಗೆಯೇ ಕರೆಯುತ್ತೇನೆ. ಹದಿಹರೆಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು. ಮನೆಮಾತು ಉರ್ದು, ಕನ್ನಡವನ್ನು ಮೊಳೆಗಳಿಂದಲೇ ಕಲಿತೆ ಎನ್ನುತ್ತಾರೆ. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿ ಇರುತ್ತದೆ. ಅದನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಕಣ್ಣಿಗೆ ಒಂದು ಒತ್ತಕ್ಷರ ತಪ್ಪಿದರೂ ಚುಚ್ಚುತ್ತದೆ. ಮೊದಲ ದಿನ ನಾನು ಪೆನ್‌ಡ್ರೈವ್ ಮುಂದಿಟ್ಟಾಗ ಅವರು ಅದನ್ನು ಮುಟ್ಟಲಿಲ್ಲ.

"ಇದರಲ್ಲಿ ಮಕ್ಕಳ ಹೆಸರುಗಳು ಎಷ್ಟಿವೆ ಮೇಡಂ?"

ಎಣಿಸಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಎಣಿಸಿದೆ. 46 ಇದ್ದವು.

"ಹಾಗಾದರೆ ನಾಳೆ 46 ಚೀಟಿ ತನ್ನಿ. ಒಬ್ಬೊಬ್ಬರೂ ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಬರೆಯಲಿ. ಉರ್ದು ಬರುವವರು ಉರ್ದುವಿನಲ್ಲಿಯೂ ಬರೆಯಲಿ. ನೀವು ಮಾತ್ರ ಬರೆದುಕೊಡಬೇಡಿ."

ಈ ಅಂಗಡಿಯ ವಿಷಯದಲ್ಲಿ ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಈ ಚೀಟಿಗಳ ವಿಷಯವೇ. ನಮ್ಮ ಕಡೆ ಒಂದೇ ತರಗತಿಯಲ್ಲಿ ಶರಣಪ್ಪ, ಶರಣಬಸಪ್ಪ, ಶರಣಬಸವ ಮೂವರೂ ಇರುತ್ತಾರೆ. ವರದಿ ಬರೆಯುವ ಗೆಳೆಯನಿಗೆ ಮೂವರೂ "ಶರಣು". ಉರ್ದು ಹೆಸರುಗಳ ಪಾಡು ಇನ್ನೊಂದು ಬಗೆಯದು. ಕನ್ನಡದಲ್ಲಿ ನಾವು ಜ ಎಂದು ಬರೆಯುವ ಕಡೆ ಉರ್ದುವಿನಲ್ಲಿ ಜೀಮ್ ಎಂಬ ಅಕ್ಷರ ಇರಬಹುದು, ಜ಼ಾಲ್ ಇರಬಹುದು, ಜ಼ೇ ಇರಬಹುದು. ಚೀಟಿಯ ಮೇಲಿನ ಉರ್ದು ಬರಹವನ್ನು ನೋಡಿ ಚಾಚಾ ಕನ್ನಡದ ಜ ಕೆಳಗೆ, ಇಂಗ್ಲಿಷಿನ z ಉಚ್ಚಾರ ತೋರಿಸುವ ಎರಡು ಚುಕ್ಕಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಚೀಟಿಗಳನ್ನು ಮಾನಿಟರಿನ ಅಂಚಿಗೆ ಬಟ್ಟೆ ಒಣಗಿಸುವ ಪುಟ್ಟ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಒಂದು ಹೆಸರು ಮುಗಿದ ಕೂಡಲೇ ಒಂದು ಚೀಟಿಯನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ. ಕ್ಲಿಪ್ಪು ಖಾಲಿಯಾಗದೆ ಪುಟ ಮುಗಿಯಿತು ಎನ್ನುವುದಿಲ್ಲ. ಎರಡು ವರ್ಷದಲ್ಲಿ ಇವರ ಕೈಯಿಂದ ಒಬ್ಬ ವಿದ್ಯಾರ್ಥಿಯ ಹೆಸರೂ ತಪ್ಪಿಲ್ಲ.

ವರದಿಗಳನ್ನು ನಾವು ಮೊಬೈಲಿನಲ್ಲಿ, ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ ಕಳುಹಿಸುತ್ತೇವೆ. ಅಂಗಡಿಯ ಪುಟವಿನ್ಯಾಸದ ತಂತ್ರಾಂಶ ಹಳೆಯದು, ಅದಕ್ಕೆ "ನುಡಿ" ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳೇ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳು ಚೆದುರುತ್ತವೆ. ಕಾಲೇಜಿನ ಸುದ್ದಿಯಲ್ಲಿ ಅಡಿಗಡಿಗೆ ಬರುವ "ರ‍್ಯಾಂಕ್" ಮತ್ತು "ರ‍್ಯಾಲಿ" ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ರ ಅಕ್ಷರಕ್ಕೆ ಯ ಒತ್ತು ಬರಬೇಕು. ಬದಲಾವಣೆಯಲ್ಲಿ ಅದು ತಿರುಗಿ, ಯಾ ಅಕ್ಷರದ ಮುಂದೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗುತ್ತದೆ. ಊರಿನ ಎಷ್ಟೋ ಫ್ಲೆಕ್ಸುಗಳ ಮೇಲೆ ಹೀಗೆಯೇ ಇದೆ, ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ. ಚಾಚಾ ಎಣಿಸುತ್ತಾರೆ. ಆ ಅಕ್ಷರವನ್ನು ಅಳಿಸಿ, ಬೇರೆಯಾಗಿ ಕೂಡಿಸಿ, ಪರದೆಯನ್ನು ದೊಡ್ಡದು ಮಾಡಿ ನನಗೆ ತೋರಿಸಿ, "ಮಗು ರ‍್ಯಾಂಕ್ ತಂದಿದೆ, ಅಕ್ಷರವೂ ನೆಟ್ಟಗೆ ನಿಲ್ಲಬೇಕು" ಎಂದು ಒಮ್ಮೆ ಹೇಳಿದರು. ಕನ್ನಡ ಪಾಠ ಮಾಡುವವಳು ನಾನು. ಆ ಮಾತನ್ನು ಮರುದಿನ ತರಗತಿಯಲ್ಲಿ ಹೇಳಿ, ಕರಿಹಲಗೆಯ ಮೇಲೆ ಎರಡೂ ರೂಪಗಳನ್ನು ಬರೆದು ತೋರಿಸಿದೆ.

ಅವರು ಓದುತ್ತಾರೆ ಎಂಬುದು ಬರೀ ಅಕ್ಷರಕ್ಕೆ ಸಂಬಂಧಿಸಿದ ಮಾತಲ್ಲ. ಕಳೆದ ವರ್ಷ ಇತಿಹಾಸ ವಿಭಾಗದವರು ಸನ್ನತಿಗೆ ಅಧ್ಯಯನ ಪ್ರವಾಸ ಹೋಗಿದ್ದರು. ವರದಿ ಬರೆದ ಹುಡುಗ ಚೆನ್ನಾಗಿಯೇ ಬರೆದಿದ್ದ. ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿಕೊಂಡದ್ದು, ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಫಲಕದಲ್ಲಿ ರಾಜ ಮತ್ತು ರಾಣಿಯರ ಶಿಲ್ಪದ ಜೊತೆ "ರಾಯಾ ಅಸೋಕೋ" ಎಂಬ ಬ್ರಾಹ್ಮಿ ಬರಹ ಇರುವುದು ಎಲ್ಲವೂ ಅದರಲ್ಲಿತ್ತು. ಆದರೆ ಚಾವಣಿ ಕುಸಿದ ವರ್ಷವನ್ನು 1896 ಎಂದು ಬರೆದಿದ್ದ, ಸನ್ನತಿಯನ್ನು ಯಾದಗಿರಿ ಜಿಲ್ಲೆಗೆ ಸೇರಿಸಿದ್ದ. ನಾನು ಎರಡು ಸಲ ಓದಿದ್ದೆ. ಎರಡೂ ಕಣ್ಣು ತಪ್ಪಿಸಿಕೊಂಡಿದ್ದವು. ರಾತ್ರಿ ಒಂಬತ್ತಕ್ಕೆ ಚಾಚಾ ಫೋನ್ ಮಾಡಿದರು. "ಮೇಡಂ, ಆ ಗುಡಿ ಬಿದ್ದಾಗ ನಾನು ಹುಡುಗ. ಅಂಗಡಿಗೆ ಬಂದವರೆಲ್ಲ ಅದನ್ನೇ ಮಾತನಾಡುತ್ತಿದ್ದರು. ಅದು 1986 ಇರಬೇಕು. ಇನ್ನು ಸನ್ನತಿ ಭೀಮೆಯ ಈ ಕಡೆ, ನಮ್ಮ ಚಿತ್ತಾಪುರದ ಕಡೆ. ಹೊಳೆ ದಾಟಿದರೆ ಯಾದಗಿರಿ ಜಿಲ್ಲೆ. ತಿದ್ದಲೇ, ಬಿಡಲೇ?" ಪುಸ್ತಕ ತೆಗೆದು ನೋಡಿದೆ. ಎರಡೂ ಅವರು ಹೇಳಿದಂತೆಯೇ ಇದ್ದವು. ಪುಟಕ್ಕೆ 80 ರೂಪಾಯಿ ತೆಗೆದುಕೊಳ್ಳುವ ಮನುಷ್ಯ ಈ ಕೆಲಸವನ್ನು ಮಾಡಬೇಕೆಂದು ಯಾವ ಕರಾರಿನಲ್ಲಿಯೂ ಇಲ್ಲ.

ಇನ್ನು ಅಚ್ಚಿನ ಮಾತು. ಆಫ್‌ಸೆಟ್ ಪ್ಲೇಟ್ ಮಾಡಿಸಿದರೆ ನಾನೂರು ಪ್ರತಿಗೆ ಗಿಟ್ಟುವುದಿಲ್ಲ, ಜೆರಾಕ್ಸ್ ಮಾಡಿಸಿದರೆ ಇನ್ನೂ ದುಬಾರಿ. ಇವರಲ್ಲಿ ಒಂದು ರಿಸೋ ಯಂತ್ರವಿದೆ. ನೋಡುವುದಕ್ಕೆ ಜೆರಾಕ್ಸ್ ಯಂತ್ರದಂತೆಯೇ ಇದ್ದರೂ ಒಳಗಿನ ಕೆಲಸ ಬೇರೆ. ಪುಟವನ್ನು ಒಮ್ಮೆ ಓದಿಕೊಂಡು, ತೆಳ್ಳನೆಯ ಮಾಸ್ಟರ್ ಹಾಳೆಯಲ್ಲಿ ಅಕ್ಷರದ ಆಕಾರಕ್ಕೆ ಕಾವಿನಿಂದ ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತದೆ. ಆ ಹಾಳೆ ಒಂದು ಉರುಳೆಗೆ ಸುತ್ತಿಕೊಳ್ಳುತ್ತದೆ, ಉರುಳೆಯ ಒಳಗಿನಿಂದ ಶಾಯಿ ತೂತುಗಳ ಮೂಲಕ ಹೊರಬಂದು ಕಾಗದಕ್ಕೆ ಅಂಟುತ್ತದೆ. ಮಾಸ್ಟರ್ ಒಂದು ಸಲ ಆಯಿತೆಂದರೆ ನೂರಾರು ಪ್ರತಿ ನೋಡನೋಡುತ್ತಿದ್ದಂತೆ ಬೀಳುತ್ತವೆ. ಒಂದು ಬದಿ ಮುಗಿದ ಮೇಲೆ ಹಾಳೆಗಳನ್ನು ಕೂಡಲೇ ತಿರುಗಿಸಿ ಹಾಕಲಾಗದು. ಶಾಯಿ ಹಸಿಯಾಗಿರುತ್ತದೆ, ಬೆರಳಿಟ್ಟರೆ ಬೆರಳಿಗೇ ಸುದ್ದಿ ಹತ್ತುತ್ತದೆ. ಇವರು ಹಾಳೆಗಳನ್ನು ಐವತ್ತೈವತ್ತರಂತೆ ಅಡ್ಡಡ್ಡ ಪೇರಿಸಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಟ್ಟು, ಮರುದಿನ ಬೆಳಿಗ್ಗೆ ಎರಡನೆಯ ಬದಿಯನ್ನು ಹಾಕುತ್ತಾರೆ. ಅವಸರ ಮಾಡಿದರೆ ಒಪ್ಪುವುದಿಲ್ಲ. ಆ ಕಾರಣಕ್ಕೆ ಎರಡು ದಿನ ಹಿಡಿಯುತ್ತದೆ. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೋಗಬೇಕು. ನಾನೂರು ಪ್ರತಿಗೆ ಡಿಟಿಪಿ, ಕಾಗದ, ಮಡಿಕೆ ಎಲ್ಲ ಸೇರಿ ನಮಗೆ 1,500 ರೂಪಾಯಿಯ ಆಸುಪಾಸು ಬೀಳುತ್ತದೆ.

ಫೋಟೊಗಳು ಮಾತ್ರ ಇಲ್ಲಿ ಚೆನ್ನಾಗಿ ಬರುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ರಿಸೋದಲ್ಲಿ ಮುಖಗಳು ಚುಕ್ಕಿಚುಕ್ಕಿಯಾಗಿ ಕಾಣುತ್ತವೆ, ಕಪ್ಪು ಹೆಚ್ಚಿರುವ ಚಿತ್ರವಾದರೆ ಶಾಯಿ ಎದುರು ಪುಟಕ್ಕೂ ಹತ್ತುತ್ತದೆ. ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಗುಂಪು ಫೋಟೊ ಹಾಕಿ ಕೈಸುಟ್ಟುಕೊಂಡೆವು. ಮೂವತ್ತು ಜನರಲ್ಲಿ ಮೂವರ ಗುರುತೂ ಸಿಗಲಿಲ್ಲ. ಅಂದಿನಿಂದ ಚಿತ್ರ ಬರೆಯಬಲ್ಲ ನಮ್ಮ ಹುಡುಗರು ಪೆನ್ನಿನಲ್ಲಿ ಗೆರೆಚಿತ್ರ ಬರೆದುಕೊಡುತ್ತಾರೆ, ಅದು ಚೊಕ್ಕವಾಗಿ ಮೂಡುತ್ತದೆ. ಬಣ್ಣದ ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ ಬೇಕಿದ್ದರೆ ಇವರ ಹತ್ತಿರ ಹೋಗಬೇಡಿ. ಬೇರೆ ಕಡೆ ಮಾಡಿಸಿ ತಂದುಕೊಡುತ್ತಾರೆ, ಅದಕ್ಕೆ ಒಂದು ವಾರ ಹಿಡಿಯುತ್ತದೆ.

ಇವರಿಂದ ಒಂದು ದೊಡ್ಡ ತಪ್ಪೂ ಆಗಿದೆ. ಸೆಪ್ಟೆಂಬರ್ 17ರ ವಿಶೇಷ ಸಂಚಿಕೆ. 1948ರ ಆ ದಿನ ಈ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಯಿತು. ನಮ್ಮಲ್ಲಿ ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಭಾಷಣ ಸ್ಪರ್ಧೆ ಇರುತ್ತದೆ. ಆ ಸಲ ವಿದ್ಯಾರ್ಥಿಗಳು ತಮ್ಮ ಊರುಗಳ ಹಿರಿಯರನ್ನು ಮಾತನಾಡಿಸಿ, ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರ ಕಾಲದ ನೆನಪುಗಳನ್ನು ಬರೆದು ತಂದಿದ್ದರು. ಒಂದೊಂದು ಬರಹವೂ ಕಣ್ಣು ತೇವವಾಗಿಸುವಂಥದ್ದು. ಅಚ್ಚಾಗಿ ಬಂದ ಹಾಳೆಯ ತಲೆಬರಹದಲ್ಲಿ "ಹೈದರಾಬಾದ್ ಕರ್ನಾಟಕ" ಎಂದಿತ್ತು. 2019ರಲ್ಲಿಯೇ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಗಿದೆ. ನಾವು ಕಳುಹಿಸಿದ್ದೂ ಕಲ್ಯಾಣ ಕರ್ನಾಟಕ ಎಂದೇ. ಚಾಚಾ ಆ ವಾರ ರಜೆಯಲ್ಲಿದ್ದರು. ಇನ್ನೊಬ್ಬ ಹುಡುಗ ಹಳೆಯ ಯಾವುದೋ ಆಮಂತ್ರಣದ ಕಡತವನ್ನು ತೆರೆದು, ಅದರ ಅಂಚಿನ ಚಿತ್ತಾರ ಚೆನ್ನಾಗಿದೆಯೆಂದು ಅದರಲ್ಲಿಯೇ ನಮ್ಮ ಬರಹಗಳನ್ನು ತುಂಬಿದ್ದ. ಹಳೆಯ ತಲೆಬರಹ ಹಾಗೆಯೇ ಉಳಿದುಬಿಟ್ಟಿತು. ಕರಡು ನೋಡಿದ್ದು ನಾನು. ಒಳಪುಟಗಳನ್ನು ಅಕ್ಷರ ಅಕ್ಷರ ಓದಿ, ದೊಡ್ಡ ಅಕ್ಷರದ ಆ ಸಾಲನ್ನು ಓದಿರಲಿಲ್ಲ. ಆ ಪಾಲು ನನ್ನದು. 16ರ ಸಂಜೆ ಆರು ಗಂಟೆಗೆ ಕಟ್ಟು ಬಿಚ್ಚಿದಾಗ ಗೊತ್ತಾಯಿತು. ಮಾಲೀಕರಿಗೆ ಫೋನ್ ಮಾಡಿದೆ. ಯಾರದು ತಪ್ಪು ಎಂಬ ಮಾತನ್ನೇ ಅವರು ಎತ್ತಲಿಲ್ಲ. "ಹಳೆಯ ಹಾಳೆಗಳನ್ನು ಹಂಚಬೇಡಿ, ಬೆಳಿಗ್ಗೆ ಏಳಕ್ಕೆ ಹೊಸದು ಬರುತ್ತದೆ" ಎಂದರು. ಆ ರಾತ್ರಿ ಒಣಗಲು ಬಿಡುವಷ್ಟು ಹೊತ್ತಿರಲಿಲ್ಲವಾದ್ದರಿಂದ ಎರಡು ಬಿಡಿ ಹಾಳೆಗಳಲ್ಲಿ ಒಂದೊಂದೇ ಬದಿಗೆ ಅಚ್ಚು ಹಾಕಿ, ಪಿನ್ನು ಹೊಡೆದು, ಏಳಕ್ಕೆ ಐದು ನಿಮಿಷವಿರುವಾಗ ತಮ್ಮ ಬೈಕಿನ ಮೇಲೆಯೇ ತಂದಿಳಿಸಿದರು. ಕಾಗದದ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ತಲೆಬರಹ, ತಾರೀಖು, ಸಂಚಿಕೆಯ ಸಂಖ್ಯೆ ಈ ಮೂರನ್ನು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಸಹಿ ಮಾಡಿದ ಮೇಲೆಯೇ ನಾನು ಕರಡನ್ನು ಹಿಂದಿರುಗಿಸುತ್ತೇನೆ. ಇಲ್ಲಿಗೆ ಹೋಗುವವರು ನೀವೂ ಹಾಗೆ ಮಾಡಿ. ಹಳೆಯ ಕಡತದ ಮೇಲೆ ಹೊಸದನ್ನು ಕಟ್ಟುವ ರೂಢಿ ಇವರಿಗೆ ಇನ್ನೂ ಹೋಗಿಲ್ಲ, ಅದು ಹೋಗಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಈ ಅಂಗಡಿಯನ್ನು ನಂಬಿಕೊಳ್ಳುವುದು ಕಷ್ಟ. ಒಂದು ಕಡೆ ಲಗ್ನಪತ್ರಿಕೆಗಳ ರಾಶಿ, ಇನ್ನೊಂದು ಕಡೆ ನಮ್ಮ ಊರಿನ ಬಿಸಿಲು. ಮೆಟ್ಟಿಲು ಇಳಿದು ಹೋಗುವ ಕೋಣೆಯಾದ್ದರಿಂದ ಗಾಳಿ ಆಡುವುದಿಲ್ಲ, ಕರೆಂಟ್ ಹೋದರೆ ಯಂತ್ರವೂ ನಿಲ್ಲುತ್ತದೆ, ಮನುಷ್ಯರೂ ನಿಲ್ಲುತ್ತಾರೆ. ಹೋದ ವರ್ಷ ನಮ್ಮ ಬೀಳ್ಕೊಡುಗೆ ಸಂಚಿಕೆ ಹನ್ನೊಂದು ದಿನ ತಡವಾಯಿತು. ಅಂತಿಮ ವರ್ಷದವರಲ್ಲಿ ಅರ್ಧದಷ್ಟು ಮಂದಿ ಅಷ್ಟರಲ್ಲಿ ಊರು ಸೇರಿದ್ದರು, ಅವರ ಪ್ರತಿಗಳನ್ನು ಅಂಚೆಯಲ್ಲಿ ಕಳುಹಿಸಬೇಕಾಯಿತು. ಆ ಸಂಚಿಕೆಯ ನಷ್ಟ ನನಗೆ ಇಂದಿಗೂ ನೋವಿನ ವಿಷಯ. ಮಾಲೀಕರಿಗೂ ಹಾಗೆಯೇ ಹೇಳಿದ್ದೇನೆ. ಈ ವರ್ಷ ಮಾರ್ಚ್ ಮೊದಲ ವಾರದಲ್ಲಿಯೇ ಪುಟಗಳನ್ನು ಕೊಡುವುದೆಂದು ಮಾತಾಗಿದೆ. ಬಿಲ್ಲಿನ ವಿಷಯದಲ್ಲಿಯೂ ಒಂದು ಮಾತು: ಕೈಯಿಂದ ಬರೆದ ಸಾದಾ ರಸೀದಿ ಕೊಡುತ್ತಾರೆ. ಅದು ನಿಮ್ಮ ಕಚೇರಿಗೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೋದ ರಾಜ್ಯೋತ್ಸವದ ಸಂಚಿಕೆಯನ್ನು ಹೇಳದೆ ಬಿಡಲಾರೆ. ನವೆಂಬರ್ ಒಂದರಂದು ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಕವಿಗೋಷ್ಠಿ ಇಟ್ಟುಕೊಂಡಿದ್ದೆವು. ಕನ್ನಡ ವಿಭಾಗದವರು ತಮ್ಮ ಕವಿತೆಗಳನ್ನು ಓದಿದರು, ಉರ್ದು ವಿಭಾಗದ ಒಬ್ಬ ಹುಡುಗ ತಾನೇ ಬರೆದ ಗಜಲ್ ಓದಿದ. ಅದರ ಎರಡು ಸಾಲನ್ನು ಕನ್ನಡ ಲಿಪಿಯಲ್ಲಿ ಹಾಕಿ ಎಂದು ಕೊಟ್ಟಿದ್ದೆ. ಚಾಚಾ ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇನ್‌ಪೇಜ್ ತಂತ್ರಾಂಶವನ್ನು ತೆರೆದು, ಅದೇ ಎರಡು ಸಾಲನ್ನು ನಸ್ತಾಲೀಖ್ ಶೈಲಿಯ ಉರ್ದು ಅಕ್ಷರದಲ್ಲಿ ಮೂಡಿಸಿ, ಚಿತ್ರವನ್ನಾಗಿ ಮಾಡಿ ಕನ್ನಡ ಸಾಲುಗಳ ಪಕ್ಕದಲ್ಲಿ ಕೂಡಿಸಿದರು. ಕನ್ನಡ ಎಡದಿಂದ ಬರುತ್ತದೆ, ಉರ್ದು ಬಲದಿಂದ ಬರುತ್ತದೆ, ನಡುವೆ ಒಂದು ಸಣ್ಣ ಗೆರೆ. ನಮ್ಮ ಹಾಳೆಯಲ್ಲಿ ಉರ್ದು ಲಿಪಿ ಬಂದದ್ದು ಅದೇ ಮೊದಲು. ಆ ಹುಡುಗನ ತಂದೆ ದರ್ಗಾದ ಹತ್ತಿರ ಅತ್ತರಿನ ಪುಟ್ಟ ಅಂಗಡಿ ಇಟ್ಟುಕೊಂಡವರು, ಕನ್ನಡ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ಮಗನ ಕಾಲೇಜಿನಿಂದ ಎರಡು ವರ್ಷ ಮನೆಗೆ ಬಂದ ಕಾಗದಗಳಲ್ಲಿ ತಾವೇ ಓದಿದ್ದು ಇದೊಂದನ್ನೇ ಎಂದು ಅವರು ಪೋಷಕರ ಸಭೆಗೆ ಬಂದಾಗ ನನಗೆ ಹೇಳಿದರು. ಹೆಚ್ಚಿನ ಐದು ಪ್ರತಿಗಳನ್ನು ಕೇಳಿ ತೆಗೆದುಕೊಂಡು ಹೋದರು.

ಈಗ ಎಲ್ಲ ಸುದ್ದಿಯೂ ಮೊಬೈಲಿನ ಗುಂಪುಗಳಲ್ಲಿ ಬರುತ್ತದೆ, ಅಚ್ಚು ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಗುಂಪಿನಲ್ಲಿ ಬೆಳಿಗ್ಗೆ ಹಾಕಿದ ಪೋಸ್ಟರ್ ಮಧ್ಯಾಹ್ನಕ್ಕೆ ಶುಭಾಶಯಗಳ ಕೆಳಗೆ ಎಲ್ಲೋ ಹೂತುಹೋಗಿರುತ್ತದೆ. ಹಾಳೆಯನ್ನು ನಾನು ಮನೆಗಳಲ್ಲಿ ಕಂಡಿದ್ದೇನೆ. ಆಳಂದ ಕಡೆಯ ಒಂದು ಹಳ್ಳಿಯಲ್ಲಿ, ನಮ್ಮ ವಿದ್ಯಾರ್ಥಿನಿಯ ಅಕ್ಕನ ಮದುವೆಗೆ ಹೋದಾಗ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಪಂಚಾಂಗದ ಜೊತೆ ನಮ್ಮ ಜನವರಿ ಸಂಚಿಕೆ ಇತ್ತು. ಅವಳ ಹೆಸರಿದ್ದ ಪುಟವನ್ನು ಹೊರಗೆ ಕಾಣುವಂತೆ ಮಡಚಿಟ್ಟಿದ್ದರು. ಹೆಸರಿನ ಪ್ರತಿ ಅಕ್ಷರವೂ ಸರಿಯಾಗಿತ್ತು.

ಸದ್ಯ ಎನ್‌ಎಸ್‌ಎಸ್ ಶಿಬಿರದ ಸಂಚಿಕೆ ನಡೆಯುತ್ತಿದೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರ, 50 ಸ್ವಯಂಸೇವಕರು. ಹಿಂದಿನ ವರ್ಷದ ವರದಿಯನ್ನು ಓದಿದಾಗಲೇ ಚಾಚಾ ಕೇಳಿದ್ದರು: "ಏಳು ದಿನ ಇಷ್ಟು ಮಕ್ಕಳಿಗೆ ರೊಟ್ಟಿ ಬಡಿದವರ ಹೆಸರು ಇದರಲ್ಲಿ ಇಲ್ಲವಲ್ಲ ಮೇಡಂ?" ಈ ಸಲ ಮೊದಲೇ ಹೇಳಿ ಕಳುಹಿಸಿದ್ದೆ. ರೊಟ್ಟಿ ಬಡಿದ ನಾಲ್ವರು ತಾಯಂದಿರ ಚೀಟಿಗಳು ಬಂದಿವೆ. ಎರಡನ್ನು ಅವರೇ ಬರೆದಿದ್ದಾರೆ, ಎರಡನ್ನು ಅವರ ಮಕ್ಕಳು ಬರೆದುಕೊಟ್ಟಿದ್ದಾರೆ. ಸ್ವಯಂಸೇವಕರದು 43 ಬಂದಿವೆ, ಇನ್ನು ಏಳು ಬರಬೇಕು. ಅವು ಕೈಗೆ ಬಂದ ದಿನ ಸಂಜೆ ಗಲ್ಲಿಗೆ ಹೋಗುತ್ತೇನೆ.